ಹಿತ್ತಲ ಗಿಡವೂ ಮದ್ದೇ

ಕೋಶ ಓದಬೇಕು, ದೇಶ ಸುತ್ತಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಇವುಗಳಲ್ಲಿ ಮೊದಲನೆಯ ಕೆಲಸವನ್ನು ಶಾಲೆಯು ಪರೀಕ್ಷೆಯ ಭಯವನ್ನು ತೋರಿಸಿಯಾದರೂ ನಮ್ಮಿಂದ ಮಾಡಿಸುತ್ತದೆ. ಎರಡನೆಯದಕ್ಕೆ ವರ್ಷಕ್ಕೊಮ್ಮೆ ಶೈಕ್ಷಣಿಕ ಪ್ರವಾಸವೆಂಬ ಏರ್ಪಾಡುಂಟು. ಬಸ್ಸಿನಲ್ಲಿ ಹಾಡುತ್ತ, ಬುತ್ತಿಯನ್ನು ಹಂಚಿಕೊಂಡು ಉಣ್ಣುತ್ತ, ಅಜಂತೆ, ಎಲ್ಲೋರ, ಬಾದಾಮಿ, ಹಂಪೆಗಳಂತಹ ದೂರದ ಸ್ಥಳಗಳನ್ನು ನೋಡಿ ಬರುವುದು ಬಹಳ ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಅದನ್ನು ನಾವು ಆಕ್ಷೇಪಿಸುವವರಲ್ಲ. ಆದರೆ ನೂರಾರು ಮೈಲಿ ದೂರದ ಕಲ್ಲನ್ನು ನೋಡಲು ಹಾತೊರೆಯುವ ನಾವು, ನಮ್ಮ ಮನೆಯಿಂದ ಲೋಕಲ್ ರೈಲಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಇತಿಹಾಸವನ್ನು ಕಣ್ಣೆತ್ತಿಯೂ ನೋಡದಿರುವುದು ಸೋಜಿಗದ ಸಂಗತಿ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮಗಾಗಿಯೇ ಹುಟ್ಟಿದಂತಿದೆ.

ನಾವು ಹೇಳುತ್ತಿರುವುದು ಮುಂಬಯಿಯ ಫೋರ್ಟ್ ಪ್ರದೇಶದ ಮಾತು. ಈ ನಗರದ ಕನ್ನಡ ಮಕ್ಕಳಲ್ಲಿ ಅದರ ಹೆಸರನ್ನು ಕೇಳದವರಿಲ್ಲ. ನಮ್ಮ ತಂದೆಯವರಲ್ಲಿ, ಮಾವಂದಿರಲ್ಲಿ ಎಷ್ಟೋ ಮಂದಿ ಅಲ್ಲಿಯ ಕಚೇರಿಗಳಿಗೂ ಹೋಟೆಲುಗಳಿಗೂ ದುಡಿಯಲು ಹೋಗುತ್ತಾರೆ. ಹಬ್ಬದ ಬಟ್ಟೆ ಕೊಳ್ಳಲೋ ಪಾಸ್‌ಪೋರ್ಟಿನ ಕೆಲಸಕ್ಕೋ ಅಮ್ಮನ ಕೈ ಹಿಡಿದು ನಾವೂ ಆ ಬೀದಿಗಳನ್ನು ದಾಟಿದ್ದೇವೆ. ದಾಟುವುದು ಬೇರೆ, ನೋಡುವುದು ಬೇರೆ. ಕನ್ನಡ ಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಶಾಲೆಯನ್ನು ಬಿಡುವ ಮೊದಲು ಈ ಪ್ರದೇಶವನ್ನು ಕಾಲ್ನಡಿಗೆಯಲ್ಲಿ, ನಿಧಾನವಾಗಿ, ಪುಸ್ತಕವನ್ನು ಓದುವ ಹಾಗೆ ಓದಿ ಬರಬೇಕು. ಅತಿಥಿಯಂತಲ್ಲ, ಹಕ್ಕುದಾರನಂತೆ ಓದಿ ಬರಬೇಕು ಎಂಬುದು ನಮ್ಮ ಅಭಿಪ್ರಾಯ. ಹಾಗೇಕೆಂಬುದನ್ನು ಮುಂದೆ ನಿವೇದಿಸುತ್ತೇವೆ.

ಮೊದಲು ಹೆಸರಿನ ಮಾತು. ಫೋರ್ಟ್ ಎಂದರೆ ಕೋಟೆ. ಆದರೆ ಅಲ್ಲಿ ಹೋಗಿ ಕೋಟೆಯ ಗೋಡೆಯೆಲ್ಲಿ ಎಂದು ಹುಡುಕಿದರೆ ಕಾಣಸಿಗುವುದು ಬಹಳ ಅಲ್ಪ. 1661ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳ ವಿವಾಹದ ಒಪ್ಪಂದದಲ್ಲಿ ಬಳುವಳಿಯಾಗಿ ಈ ದ್ವೀಪವು ಇಂಗ್ಲೆಂಡಿನ ದೊರೆಯ ಪಾಲಿಗೆ ಬಂದಿತು. 1668ರಲ್ಲಿ ದೊರೆಯು ಅದನ್ನು ವರ್ಷಕ್ಕೆ ಕೇವಲ 10 ಪೌಂಡುಗಳ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟನು. ಕಂಪನಿಯವರು ತಮ್ಮ ವ್ಯಾಪಾರದ ಊರಿನ ಸುತ್ತಲೂ ಗೋಡೆಯನ್ನು ಕಟ್ಟಿದರು. ಅದಕ್ಕೆ ಅಪೊಲೊ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್ ಎಂಬ ಮೂರು ಬಾಗಿಲುಗಳಿದ್ದವು. 1718ರಲ್ಲಿ ತೆರೆದ ಸೇಂಟ್ ಥಾಮಸ್ ಇಗರ್ಜಿಗೆ ಹೋಗುವ ದಾರಿಯ ಬಾಗಿಲೇ ಚರ್ಚ್ ಗೇಟ್. ಪಶ್ಚಿಮ ರೈಲ್ವೆಯಲ್ಲಿ ದಿನವೂ ಪಯಣಿಸುವ ಲಕ್ಷಾಂತರ ಜನರು ಚರ್ಚ್‌ಗೇಟ್ ಎಂದು ಉಚ್ಚರಿಸುತ್ತಾರೆ. ಅವರಲ್ಲಿ ಎಷ್ಟು ಮಂದಿಗೆ ಆ ಬಾಗಿಲು ಇದ್ದುದು ನಿಲ್ದಾಣದ ಬಳಿಯಲ್ಲಲ್ಲ, ಈಗ ಫ್ಲೋರಾ ಫೌಂಟನ್ ಇರುವಲ್ಲಿ ಎಂಬುದು ಗೊತ್ತು? ಬಾಗಿಲು ಹೋಯಿತು, ಗೋಡೆ ಹೋಯಿತು, ಹೆಸರು ಮಾತ್ರ ಜನರ ನಾಲಗೆಯ ಮೇಲೆ ಉಳಿಯಿತು.

ಇನ್ನೊಂದು ಸಂಗತಿ ಆಟಗಾರರಾದ ವಿದ್ಯಾರ್ಥಿ ಮಿತ್ರರಿಗೆ ವಿಶೇಷವಾಗಿ ರುಚಿಸಬಹುದು. ಕೋಟೆಯ ಮೇಲಿನ ಫಿರಂಗಿಗಳಿಗೆ ಶತ್ರುವು ಮರೆಯಿಲ್ಲದೆ ಕಾಣಬೇಕೆಂದು ಗೋಡೆಯ ಹೊರಗಡೆ ದೊಡ್ಡ ಬಯಲನ್ನು ತೆರವು ಮಾಡಿ ಇಟ್ಟಿದ್ದರು. ಅದಕ್ಕೆ ಎಸ್‌ಪ್ಲನೇಡ್ ಎಂದು ಹೆಸರು. ಇಂದಿನ ಆಜಾದ್ ಮೈದಾನ, ಕ್ರಾಸ್ ಮೈದಾನ, ಓವಲ್ ಮೈದಾನ, ಕೂಪರೇಜ್ ಇವೆಲ್ಲವೂ ಆ ಬಯಲಿನ ತುಂಡುಗಳೇ ಆಗಿವೆ. ಗುಂಡು ಹಾರಿಸಲೆಂದು ಉಳಿಸಿದ ನೆಲದಲ್ಲಿ ಇಂದು ನಮ್ಮ ಹುಡುಗರು ಕ್ರಿಕೆಟ್ ಆಡುತ್ತಾರೆ. ಮುಂಬಯಿಯಂತಹ ಇಕ್ಕಟ್ಟಿನ ನಗರದಲ್ಲಿ ಈ ಹಸುರು ಏಕೆ ಉಳಿಯಿತು ಎಂಬ ಪ್ರಶ್ನೆಗೆ ಉತ್ತರ ಪಠ್ಯಪುಸ್ತಕದಲ್ಲಿಲ್ಲ; ಓವಲ್ ಮೈದಾನದ ನಡುವೆ ನಿಂತು ನಾಲ್ಕೂ ದಿಕ್ಕಿಗೆ ನೋಡಿದವನಿಗೆ ಅದು ತಾನಾಗಿಯೇ ಹೊಳೆಯುತ್ತದೆ.

ಗೋಡೆ ಬಿದ್ದುದು 1860ರ ದಶಕದಲ್ಲಿ, ಗವರ್ನರ್ ಬಾರ್ಟಲ್ ಫ್ರಿಯರನ ಆಡಳಿತದಲ್ಲಿ. ಆ ಕಾಲವೇ ವಿಚಿತ್ರವಾದುದು. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದಾಯಿತು. ಹಿಂದುಸ್ಥಾನದ ಹತ್ತಿಗೆ ಬಂಗಾರದ ಬೆಲೆ ಬಂದಿತು. ನಮ್ಮ ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೆಳೆದ ಹತ್ತಿಯೂ ಈ ಬಂದರಿನ ಮೂಲಕವೇ ಕಡಲನ್ನು ದಾಟಿತು. ಮುಂಬಯಿಯ ವರ್ತಕರ ಕೈಯಲ್ಲಿ ಹಣ ಹೊಳೆಯಾಗಿ ಹರಿಯಿತು. ಯುದ್ಧ ಮುಗಿದೊಡನೆ ಬೆಲೆ ಕುಸಿದು ಅವರಲ್ಲಿ ಅನೇಕರು ಒಂದೇ ವರ್ಷದಲ್ಲಿ ದಿವಾಳಿಯಾದರು. ಹಾಗೆ ಏರಿ ಹಾಗೆಯೇ ಇಳಿದವರಲ್ಲಿ ಪ್ರೇಮಚಂದ ರಾಯಚಂದನೂ ಒಬ್ಬನು. ಆದರೆ ವಿಶ್ವವಿದ್ಯಾಲಯದ ಗಡಿಯಾರ ಗೋಪುರಕ್ಕೆಂದು ಅವನು ಕೊಟ್ಟಿದ್ದ 2 ಲಕ್ಷ ರೂಪಾಯಿ ವ್ಯರ್ಥವಾಗಲಿಲ್ಲ. 280 ಅಡಿ ಎತ್ತರದ ಆ ಗೋಪುರವು 1878ರಲ್ಲಿ ಪೂರ್ಣವಾಯಿತು. ಅದಕ್ಕೆ ಅವನ ತಾಯಿ ರಾಜಾಬಾಯಿಯ ಹೆಸರನ್ನಿಟ್ಟರು. ಕಣ್ಣು ಕಾಣದ ಆ ತಾಯಿಗೆ ಸೂರ್ಯಾಸ್ತದ ಮೊದಲಿನ ಊಟದ ವೇಳೆಯನ್ನು ಗಂಟೆಯ ದನಿಯಿಂದ ತಿಳಿಸಬೇಕೆಂಬುದು ಮಗನ ಆಸೆಯಾಗಿತ್ತೆಂದು ಜನರು ಹೇಳುತ್ತಾರೆ. ಗಳಿಸಿದ ಹಣವು ಹೋಯಿತು. ಕೊಟ್ಟ ಹಣವು ನಿಂತಿತು.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತುವುದುಂಟು. ಈ ಕಟ್ಟಡಗಳೆಲ್ಲ ಪರಕೀಯರು ತಮ್ಮ ದರ್ಪವನ್ನು ಮೆರೆಯಲು ಕಟ್ಟಿಸಿದವು. ಸ್ವತಂತ್ರ ಭಾರತದ ಮಕ್ಕಳಿಗೆ ಅವುಗಳ ಗೊಡವೆ ಏಕೆ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆಳುವವನು ಎತ್ತರದ ಕಟ್ಟಡವನ್ನು ಕಟ್ಟುವುದು ಆಳಿಸಿಕೊಳ್ಳುವವನು ತಲೆಯೆತ್ತಿ ನೋಡಿ ಬೆರಗಾಗಲೆಂದೇ. ಆ ಉದ್ದೇಶವನ್ನು ಮರೆತು ಬರಿಯ ಸೌಂದರ್ಯವನ್ನು ಹೊಗಳುವುದು ಬುದ್ಧಿವಂತರ ಲಕ್ಷಣವಲ್ಲ. ಆದರೆ ಅರ್ಧ ಸತ್ಯವನ್ನು ಹೇಳಿ ಬೆನ್ನು ತಿರುಗಿಸುವುದೂ ಸರಿಯಲ್ಲ. ಆ ಕಲ್ಲುಗಳು ಈ ನೆಲದವು. ಅವುಗಳನ್ನು ಕಡೆದ ಕೈಗಳು ಈ ನೆಲದವು. ಹಣದಲ್ಲಿ ಬಹುಪಾಲು ಈ ನೆಲದ ರೈತನ ಬೆವರಿನಿಂದಲೂ ವರ್ತಕನ ದಾನದಿಂದಲೂ ಬಂದುದು. ನಮ್ಮ ಹಿರಿಯರು ಇಂದಿಗೂ ವಿ. ಟಿ. ಎಂದೇ ಕರೆಯುವ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸನ್ನು ನೋಡಿರಿ. 1878ರಿಂದ ಹತ್ತು ವರ್ಷಗಳ ಕಾಲ ಅದನ್ನು ಕಟ್ಟಿದರು. ನಕ್ಷೆಯನ್ನು ಬರೆದ ಎಫ್. ಡಬ್ಲ್ಯು. ಸ್ಟೀವನ್ಸನ ಹೆಸರು ಎಲ್ಲ ಪುಸ್ತಕಗಳಲ್ಲಿಯೂ ಇದೆ. ಅವನ ಸಹಾಯಕ ಇಂಜಿನಿಯರಾಗಿದ್ದ ಸೀತಾರಾಮ ಖಂಡೇರಾವ್ ವೈದ್ಯರ ಹೆಸರು ಎಷ್ಟು ಮಂದಿಗೆ ತಿಳಿದಿದೆ? ಕಂಬಗಳ ಮೇಲೆ ಹೂಬಳ್ಳಿಗಳನ್ನೂ ಪ್ರಾಣಿಪಕ್ಷಿಗಳನ್ನೂ ಮೂಡಿಸುವುದರಲ್ಲಿ ಸಮೀಪದ ಸರ್ ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈವಾಡವಿತ್ತು. ನಮ್ಮಂತಹ ವಿದ್ಯಾರ್ಥಿಗಳೇ ಅವರು. ಆದುದರಿಂದ ಈ ಕಟ್ಟಡಗಳ ಮುಂದೆ ಕೈಮುಗಿದು ನಿಲ್ಲುವುದೂ ಬೇಡ, ಮುಖ ತಿರುಗಿಸಿ ನಡೆಯುವುದೂ ಬೇಡ. ಯಾರು ಕಟ್ಟಿಸಿದರು, ಯಾರು ಕಟ್ಟಿದರು, ಯಾರ ಹಣದಿಂದ ಕಟ್ಟಿದರು ಎಂಬ ಮೂರು ಪ್ರಶ್ನೆಗಳನ್ನು ಕೇಳುತ್ತ ನೋಡಿದರೆ ಸಾಕು.

ಅದಲ್ಲದೆ, ಅಧಿಕಾರವು ಎಲ್ಲಿ ಮೆರೆಯಿತೋ ಅಲ್ಲಿಯೇ ಅದನ್ನು ಎದುರಿಸಿದವರೂ ನಿಂತಿದ್ದರು. ರಾಜಾಬಾಯಿ ಗೋಪುರದ ನೆರೆಯಲ್ಲಿಯೇ ಹೈಕೋರ್ಟಿನ ಕಟ್ಟಡವಿದೆ. 1908ರ ಜುಲೈ ತಿಂಗಳಲ್ಲಿ ಲೋಕಮಾನ್ಯ ತಿಲಕರಿಗೆ ರಾಜದ್ರೋಹದ ಆಪಾದನೆಯ ಮೇಲೆ ಆರು ವರ್ಷಗಳ ಶಿಕ್ಷೆಯನ್ನು ವಿಧಿಸಿದುದು ಅಲ್ಲಿಯೇ. ದೇಶವು ಸ್ವತಂತ್ರವಾದ ಮೇಲೆ, 1956ರಲ್ಲಿ, ಅದೇ ನ್ಯಾಯಾಲಯದಲ್ಲಿ ತಿಲಕರ ಸ್ಮರಣೆಯ ಫಲಕವನ್ನು ಮುಖ್ಯ ನ್ಯಾಯಾಧೀಶರಾದ ಎಂ. ಸಿ. ಛಾಗ್ಲಾ ಅವರು ಅನಾವರಣಗೊಳಿಸಿದರು. ಇನ್ನೂ ಸ್ವಲ್ಪ ಮುಂದೆ ನಡೆದರೆ ವೃತ್ತಾಕಾರದ ಒಂದು ಉದ್ಯಾನ ಕಾಣುತ್ತದೆ. ಒಂದು ಕಾಲದಲ್ಲಿ ಅಲ್ಲಿ ಹತ್ತಿಯ ಹೊರೆಗಳು ರಾಶಿ ಬೀಳುತ್ತಿದ್ದವು. ಮುಂದೆ ಅದಕ್ಕೆ ಗವರ್ನರನ ನೆನಪಿಗೆ ಎಲ್‌ಫಿನ್‌ಸ್ಟನ್ ಸರ್ಕಲ್ ಎಂದು ಹೆಸರಾಯಿತು. ಇಂದು ಅದು ಹಾರ್ನಿಮನ್ ಸರ್ಕಲ್. ಹಾರ್ನಿಮನ್ನನೂ ಆಂಗ್ಲನೇ ಹೌದು. ಆದರೆ ‘ಬಾಂಬೆ ಕ್ರಾನಿಕಲ್’ ಪತ್ರಿಕೆಯ ಸಂಪಾದಕನಾಗಿ ಭಾರತೀಯರ ಪಕ್ಷವನ್ನು ವಹಿಸಿ 1919ರಲ್ಲಿ ಗಡೀಪಾರಾದವನು. ಗವರ್ನರನ ಹೆಸರನ್ನು ತೆಗೆದು ಪತ್ರಕರ್ತನ ಹೆಸರನ್ನಿಟ್ಟ ಜನರು, ಬಣ್ಣವನ್ನು ನೋಡದೆ ನಡತೆಯನ್ನು ನೋಡಿದರು. ಬೀದಿಯ ಹೆಸರಿನ ಫಲಕದಲ್ಲಿಯೂ ಇಂತಹ ಪಾಠವುಂಟು.

ಫ್ಲೋರಾ ಫೌಂಟನ್ನಿನ ಪಕ್ಕದಲ್ಲಿ ಹುತಾತ್ಮಾ ಚೌಕವಿದೆ. ಪಂಜನ್ನು ಹಿಡಿದ ಇಬ್ಬರ ಪ್ರತಿಮೆ ಅಲ್ಲಿಯ ಗುರುತು. ಮುಂಬಯಿಯನ್ನು ಒಳಗೊಂಡ ಮರಾಠೀ ರಾಜ್ಯಕ್ಕಾಗಿ ನಡೆದ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪ್ರಾಣವನ್ನು ತೆತ್ತ ನೂರಕ್ಕೂ ಹೆಚ್ಚು ಮಂದಿಯ ಸ್ಮಾರಕವದು. ಆ ರಾಜ್ಯವು 1960ರ ಮೇ 1ರಂದು ಉದಯಿಸಿತು. ಕನ್ನಡಿಗರಾದ ನಮಗೂ ಆ ಕಲ್ಲಿಗೂ ಏನು ಸಂಬಂಧವೆಂದು ಕೇಳಬಾರದು. ತಮ್ಮ ನುಡಿಯ ಜನರೆಲ್ಲ ಒಂದೇ ಸೂರಿನಡಿ ಬಾಳಬೇಕೆಂಬ ಹಂಬಲವೇನೆಂಬುದು, ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದು 1956ರ ನವೆಂಬರ್ 1ರಂದು ಒಂದಾದ ನಾಡಿನವರಾದ ನಮಗೆ ತಿಳಿಯದಿದ್ದರೆ ಇನ್ನಾರಿಗೆ ತಿಳಿಯಬೇಕು? ಆ ಚೌಕದಲ್ಲಿ ಒಂದು ಕ್ಷಣ ತಲೆಬಾಗಿ ನಿಲ್ಲುವ ಕನ್ನಡದ ಹುಡುಗನು ತನ್ನ ನೆರೆಯವನಾದ ಮರಾಠಿಯ ಹುಡುಗನಿಗೆ ಹತ್ತು ಭಾಷಣಗಳಿಗಿಂತ ಹೆಚ್ಚು ಹತ್ತಿರದವನಾಗುತ್ತಾನೆ. ನೆರೆಯವನ ಮಾತೃಭಾಷೆಯನ್ನು ಗೌರವಿಸಿದವನಿಗೆ ತನ್ನ ಮಾತೃಭಾಷೆಗೆ ಗೌರವವನ್ನು ಕೇಳುವ ಅಧಿಕಾರವೂ ಬರುತ್ತದೆ.

ಇನ್ನು ನಮ್ಮ ಹಕ್ಕಿನ ಮಾತು. 1956ರ ವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿಯಾಗಿತ್ತೆಂಬುದನ್ನು ನಮ್ಮಲ್ಲಿ ಅನೇಕರು ಮರೆತಿದ್ದಾರೆ. 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯವೇ ಆ ಸೀಮೆಯ ವಿದ್ಯಾರ್ಥಿಗಳಿಗೆ ಪದವಿಯನ್ನು ಕೊಡುತ್ತಿತ್ತು. ಬೇಂದ್ರೆಯವರೂ ಗೋಕಾಕರೂ ಅದರ ಪದವೀಧರರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಕೂಡ 1949ರಲ್ಲಿ ಆರಂಭವಾದುದು ಮುಂಬಯಿಯಲ್ಲಿಯೇ. ಮರುವರ್ಷ ಅದು ಧಾರವಾಡಕ್ಕೆ ಹೋಯಿತು. ಹಾರ್ನಿಮನ್ ಸರ್ಕಲಿನ ಎದುರಿಗೆ, 1833ರಲ್ಲಿ ಮುಗಿದ ಟೌನ್ ಹಾಲಿನ ಬಿಳಿಯ ಕಂಬಗಳ ಹಿಂದೆ ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯವಿದೆ. ಅದರ ಮೆಟ್ಟಿಲುಗಳೆಷ್ಟೆಂಬುದನ್ನು ನೀವೇ ಎಣಿಸಿ ನೋಡಿರಿ. ಸವದತ್ತಿ ಹಾಗೂ ಬೆಳಗಾವಿಯ ರಟ್ಟ ಅರಸರ ಶಾಸನಗಳನ್ನು ಜೆ. ಎಫ್. ಫ್ಲೀಟ್ ಎಂಬ ವಿದ್ವಾಂಸನು ಓದಿ ಪ್ರಕಟಿಸಿದುದು ಈ ಸಂಸ್ಥೆಯ ಪತ್ರಿಕೆಯಲ್ಲಿಯೇ. ನಮ್ಮ ನಾಡಿನ ಇತಿಹಾಸವನ್ನು ಬೆಳಕಿಗೆ ತರುವ ಕೆಲಸದಲ್ಲಿ ಈ ಬೀದಿಗೂ ಪಾಲುಂಟು.

ಇದಕ್ಕಿಂತಲೂ ಕಣ್ಣಿಗೆ ಕಾಣುವ ಸಾಕ್ಷಿಯೊಂದಿದೆ. 1922ರಲ್ಲಿ ತೆರೆದ ವಸ್ತುಸಂಗ್ರಹಾಲಯಕ್ಕೆ ಈಗ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯವೆಂದು ಹೆಸರು. ಅದರ ಶಿಲ್ಪಗಳ ವಿಭಾಗದಲ್ಲಿ ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಛಾವಣಿಯಿಂದ ಬಂದ ಬ್ರಹ್ಮ, ವಿಷ್ಣು, ಶಿವರ ಶಿಲಾಫಲಕಗಳಿವೆ. ಅವು ಏಳನೆಯ ಶತಮಾನದ ಚಾಲುಕ್ಯರ ಕಾಲದವು. ರಾತ್ರಿಯೆಲ್ಲ ಪ್ರಯಾಣ ಮಾಡಿ ಐಹೊಳೆಗೆ ಹೋಗಿ, ಮೇಲೆ ನೋಡಿ, ಫೋಟೋ ತೆಗೆದುಕೊಂಡು ಬಂದ ನಾವು, ಅದೇ ಐಹೊಳೆಯ ಛಾವಣಿಯ ತುಣುಕುಗಳು ವಿ. ಟಿ. ನಿಲ್ದಾಣದಿಂದ ಅರ್ಧ ಗಂಟೆಯ ನಡಿಗೆಯಲ್ಲಿವೆ ಎಂಬುದನ್ನು ಅರಿಯೆವು. ಗುಡಿಯ ಛಾವಣಿಯಲ್ಲಿರಬೇಕಾದ ದೇವರನ್ನು ಗೋಡೆಗೆ ಒರಗಿಸಿದುದನ್ನು ಕಂಡಾಗ ಮನಸ್ಸಿಗೆ ಒಂದು ಬಗೆಯ ನೋವೂ ಆಗಬಹುದು, ಆಗಲಿ. ತಮ್ಮ ಊರನ್ನು ಬಿಟ್ಟು ಬಂದು ಇಲ್ಲಿ ನೆಲೆಸಿದುದರಲ್ಲಿ ಆ ಕಲ್ಲುಗಳೂ ನಮ್ಮ ಕುಟುಂಬಗಳೂ ಒಂದೇ. ಅವುಗಳ ಹತ್ತಿರ ಕನ್ನಡದಲ್ಲಿ ಮಾತಾಡುವ ಮಕ್ಕಳು ವರ್ಷಕ್ಕೊಮ್ಮೆಯಾದರೂ ನಿಲ್ಲುವುದು ಬೇಡವೆ?

ಶಿಲೆಯ ಇತಿಹಾಸವನ್ನು ಹೇಳಲು ಪುಸ್ತಕಗಳಿವೆ. ಆದರೆ ಫೋರ್ಟಿನ ಇನ್ನೊಂದು ಕನ್ನಡ ಇತಿಹಾಸವನ್ನು ಹೇಳುವ ಪುಸ್ತಕಗಳು ವಿರಳ. ದಕ್ಷಿಣ ಕನ್ನಡದಿಂದ ಹಡಗಿನಲ್ಲಿ ಬಂದಿಳಿದ ಬಡ ಹುಡುಗರು ಇಲ್ಲಿಯ ಹೋಟೆಲುಗಳಲ್ಲಿ ಲೋಟ ತೊಳೆದರು, ಮಾಣಿಗಳಾದರು, ಕೆಲವರು ಮುಂದೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತರು. ಹಗಲೆಲ್ಲ ದುಡಿದು, ಸಂಜೆ ಕೈಗೆ ಅಂಟಿದ ಎಣ್ಣೆಯ ವಾಸನೆ ಹೋಗುವ ಮೊದಲೇ ಪುಸ್ತಕವನ್ನು ಹಿಡಿದು ಕನ್ನಡ ರಾತ್ರಿಶಾಲೆಗಳಿಗೆ ಓಡಿದರು. ಮುಚ್ಚಿದ ಕಚೇರಿಗಳ ಬೀದಿಯಲ್ಲಿ ದೀಪ ಉರಿಯುತ್ತಿದ್ದ ಕೆಲವೇ ಕೋಣೆಗಳಲ್ಲಿ ಅವರ ತರಗತಿಗಳೂ ಇದ್ದವು. ಹಾಗೆ ಓದಿದವರಲ್ಲಿ ವಕೀಲರಾದವರುಂಟು, ಬ್ಯಾಂಕಿನ ಅಧಿಕಾರಿಗಳಾದವರುಂಟು, ಶಾಲೆಗಳನ್ನು ಕಟ್ಟಿದವರುಂಟು. ನಾವು ಇಂದು ಕನ್ನಡ ಮಾಧ್ಯಮದಲ್ಲಿ ಓದುವ ಅವಕಾಶವನ್ನು ಪಡೆದುದು ಅಂತಹವರ ಪರಿಶ್ರಮದಿಂದ. ಅವರು ನಡೆದಾಡಿದ ಬೀದಿಯಲ್ಲಿ ಅವರ ಹೆಸರಿನ ಫಲಕವಿಲ್ಲ. ಅವರ ನೆನಪು ಇರುವುದು ನಮ್ಮ ಅಜ್ಜಂದಿರ ಬಾಯಿಯಲ್ಲಿ ಮಾತ್ರ.

ಈ ಕಾರಣದಿಂದಲೇ ನಮಗೆ ಅವಸರವಿದೆ. ನಗರದಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿರುವುದನ್ನು ನಾವೆಲ್ಲರೂ ಕಾಣುತ್ತಿದ್ದೇವೆ. ಹಳೆಯ ಹೋಟೆಲುಗಳ ಹಲಗೆಗಳು ಬದಲಾಗುತ್ತಿವೆ. ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಕಲ್ಲಿನ ಕಟ್ಟಡಗಳಿಗೂ ಅಭಯವಿಲ್ಲ. ಹಳೆಯ ವಾಟ್ಸನ್ ಹೋಟೆಲಿನ ಗತಿಯನ್ನು ನೋಡಿರಿ. ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಬ್ಬಿಣದ ಭಾಗಗಳನ್ನು ಹಡಗಿನಲ್ಲಿ ತಂದು ಜೋಡಿಸಿದ ಕಟ್ಟಡವದು. 1896ರ ಜುಲೈ 7ರಂದು ಈ ದೇಶದಲ್ಲಿ ಮೊದಲ ಬಾರಿಗೆ ಚಲಿಸುವ ಚಿತ್ರವನ್ನು ತೋರಿಸಿದುದು ಅಲ್ಲಿಯೇ. ಅದೇ ಕಟ್ಟಡವು ದುರಸ್ತಿಯಿಲ್ಲದೆ ಶಿಥಿಲವಾಗಿ, ಅಲ್ಲಿದ್ದವರನ್ನು 2019ರಲ್ಲಿ ತೆರವುಗೊಳಿಸಬೇಕಾಯಿತು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಓವಲ್ ಮೈದಾನದ ಒಂದು ಬದಿಗೆ 19ನೆಯ ಶತಮಾನದ ಗಾಥಿಕ್ ಕಟ್ಟಡಗಳು, ಇನ್ನೊಂದು ಬದಿಗೆ ಕಡಲನ್ನು ತುಂಬಿ ಪಡೆದ ನೆಲದ ಮೇಲೆ 1930ರ ದಶಕದಿಂದೀಚೆಗೆ ಎದ್ದ ಆರ್ಟ್ ಡೆಕೊ ಮನೆಗಳು ಎದುರುಬದುರಾಗಿ ನಿಂತಿವೆ. ನಾಗರಿಕರು ಅನೇಕ ವರ್ಷ ಪಟ್ಟು ಹಿಡಿದು ಪ್ರಯತ್ನಿಸಿದುದರಿಂದ ಇವೆಲ್ಲಕ್ಕೂ 2018ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಮನ್ನಣೆ ದೊರೆಯಿತು. ಯಾವುದನ್ನು ಜನರು ತಮ್ಮದೆಂದು ತಿಳಿದರೋ ಅದು ಉಳಿಯಿತು. ಯಾರಿಗೂ ತಮ್ಮದೆನಿಸದೆ ಹೋದುದು ಉದುರತೊಡಗಿತು. ತಿಳಿಯದ ವಸ್ತುವನ್ನು ಯಾರೂ ತಮ್ಮದೆನ್ನುವುದಿಲ್ಲ.

ಹಾಗಾದರೆ ಹೇಗೆ ನೋಡಬೇಕು? ಎಂಬತ್ತು ಮಕ್ಕಳನ್ನು ಒಂದೇ ಬಸ್ಸಿನಿಂದ ಇಳಿಸಿ, ಸೀಟಿ ಊದುತ್ತ, ಒಂದೇ ದಿನದಲ್ಲಿ ಎಲ್ಲವನ್ನೂ ತೋರಿಸುವ ಪದ್ಧತಿ ಇಲ್ಲಿ ಪ್ರಯೋಜನಕ್ಕೆ ಬಾರದು. ಹತ್ತು ಹನ್ನೆರಡು ಮಂದಿಯ ಗುಂಪು, ಒಬ್ಬ ಉಪಾಧ್ಯಾಯರು, ಒಂದು ಮುಂಜಾವು, ಒಂದೇ ಬೀದಿ, ಇಷ್ಟು ಸಾಕು. ಭಾನುವಾರ ಬೆಳಿಗ್ಗೆ ಕಚೇರಿಗಳು ಮುಚ್ಚಿರುವುದರಿಂದ ಕಟ್ಟಡಗಳನ್ನು ತಲೆಯೆತ್ತಿ ನೋಡಲು ಅನುಕೂಲ. ಗ್ರಂಥಾಲಯ, ವಸ್ತುಸಂಗ್ರಹಾಲಯಗಳಿಗೆ ಅವು ತೆರೆದಿರುವ ವೇಳೆಯನ್ನು ವಿಚಾರಿಸಿಕೊಂಡು ಹೋಗಬೇಕು. ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಬೇಡವೆನ್ನುವುದಿಲ್ಲ; ಆದರೆ ಒಂದು ಕಂಬವನ್ನೋ ಒಂದು ಕಿಟಕಿಯನ್ನೋ ಪೆನ್ಸಿಲಿನಿಂದ ಬಿಡಿಸಲು ಕುಳಿತವನಿಗೆ ಕಾಣುವಷ್ಟು ಚಿತ್ರ ತೆಗೆದು ಓಡುವವನಿಗೆ ಕಾಣದು. ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಬಂದು, ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಇದೇ ನಗರದಲ್ಲಿ ನೆಲೆಸಿ ದೇಶಕ್ಕೆ ಹೆಸರು ತಂದ ಚಿತ್ರಕಾರ ಕೃಷ್ಣ ಹೆಬ್ಬಾರರು ರೇಖೆಗಳ ಮಾಂತ್ರಿಕರೆನಿಸಿದುದು ಕಣ್ಣು ಮತ್ತು ಕೈಗಳ ಇಂತಹ ಸತತ ಅಭ್ಯಾಸದಿಂದಲೇ.

ಎಲ್ಲಕ್ಕಿಂತ ಮುಖ್ಯವಾಗಿ, ನೋಡಿದುದನ್ನು ಕನ್ನಡದಲ್ಲಿ ಬರೆದಿಡಬೇಕು. ಫೋರ್ಟಿನ ಬಗೆಗೆ ಇಂಗ್ಲಿಷಿನಲ್ಲಿಯೂ ಮರಾಠಿಯಲ್ಲಿಯೂ ಗುಜರಾತಿಯಲ್ಲಿಯೂ ಸಾಕಷ್ಟು ಬರಹಗಳಿವೆ. ಅಲ್ಲಿ ಬೆವರು ಸುರಿಸಿದ ಕನ್ನಡಿಗರ ಕಥೆಯನ್ನು ಕನ್ನಡದ ಮಕ್ಕಳು ಬರೆಯದಿದ್ದರೆ ಬೇರೆ ಯಾರೂ ಬರೆಯಲಾರರು. ಬರುವ ರಜೆಯಲ್ಲಿ ಪ್ರತಿಯೊಬ್ಬನೂ ತನ್ನ ಮನೆಯ ಅಥವಾ ನೆರೆಮನೆಯ ಒಬ್ಬ ಹಿರಿಯರ ಬಳಿ ಕುಳಿತು, ಅವರು ಮುಂಬಯಿಗೆ ಬಂದುದು ಯಾವ ವರ್ಷ, ಮೊದಲ ರಾತ್ರಿ ಮಲಗಿದುದು ಎಲ್ಲಿ, ಮೊದಲ ಸಂಬಳವೆಷ್ಟು, ಓದಿದ ರಾತ್ರಿಶಾಲೆ ಯಾವ ಬೀದಿಯಲ್ಲಿತ್ತು ಎಂಬುದನ್ನು ಕೇಳಿ ಬರೆದುಕೊಳ್ಳಲಿ. ಆ ಹಿರಿಯರಿಗೆ ನಡೆಯುವ ಶಕ್ತಿಯಿದ್ದರೆ ಅವರನ್ನೇ ಕರೆದುಕೊಂಡು ಹೋಗಿ ಆ ಜಾಗವನ್ನು ತೋರಿಸಿಕೊಳ್ಳಲಿ. ಹೀಗೆ ಬರೆದ ಇಪ್ಪತ್ತು ಪುಟಗಳು ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಅಚ್ಚಾದರೆ, ಅವು ಎಷ್ಟೋ ಪ್ರಬಂಧಗಳಿಗಿಂತ ಬೆಲೆಯುಳ್ಳವಾಗುವುವೆಂದು ನಮ್ಮ ದೃಢವಾದ ನಂಬಿಕೆ.

ದೂರದ ಪ್ರವಾಸಗಳು ನಡೆಯಲಿ. ಹಂಪೆ, ಬಾದಾಮಿಗಳನ್ನು ನೋಡದೆ ಕನ್ನಡಿಗನ ಓದು ಪೂರ್ಣವಾಗದು. ಆದರೆ ಅವುಗಳಿಗೆ ಹೊರಡುವ ಮುನ್ನ ಹಿತ್ತಲಿನ ಈ ಗಿಡದ ಹೆಸರನ್ನೂ ಗುಣವನ್ನೂ ತಿಳಿದುಕೊಳ್ಳೋಣ. ಉಪಾಧ್ಯಾಯರು ಈ ವಿಷಯದಲ್ಲಿ ಮುಂದಾಳುಗಳಾಗಬೇಕೆಂದೂ, ಪಾಲಕರು ಒಂದು ಭಾನುವಾರದ ಬೆಳಗನ್ನು ಮಕ್ಕಳಿಗೆ ಬಿಟ್ಟುಕೊಡಬೇಕೆಂದೂ ವಿನಂತಿಸುತ್ತೇವೆ. ವಿದ್ಯಾರ್ಥಿ ಮಿತ್ರರಿಗಂತೂ ವಿನಂತಿಯ ಅಗತ್ಯವಿಲ್ಲ. ರೈಲಿನ ಪಾಸು ಅವರ ಜೇಬಿನಲ್ಲಿಯೇ ಇದೆ.